ಹುಣಸೆ ಬೀಜದಷ್ಟು ಬಂಗಾರಕ್ಕೆ ಒಂದು ಟ್ರ್ಯಾಕ್ಟರ್ ಕಲ್ಲು: ಕಪ್ಪತಗುಡ್ಡದ ಹಳೆ ಗಣಿ ಮುಚ್ಚಿದ್ದು ಯಾಕೆ?

2025ರ ಏಪ್ರಿಲ್‌ನಲ್ಲಿ 10 ಗ್ರಾಂ ಬಂಗಾರದ ರೇಟು ಮೊದಲ ಸಲ ಲಕ್ಷ ರೂಪಾಯಿ ಮುಟ್ಟಿತು. ಆವತ್ತಿನಿಂದ ನಮ್ಮ ಬೈಲಹೊಂಗಲದ ಕಡೆ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಚಹಾದ ಅಂಗಡಿಯಲ್ಲಿ, ಹತ್ತಿ ಪೇಟೆಯಲ್ಲಿ, ಬಸ್ಸಿನಲ್ಲಿ. ಬೆಳವಡಿಯಲ್ಲಿ ಒಂದು ಕುಬುಸದ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ಸೋದರಮಾವ ಕೇಳಿಯೇಬಿಟ್ಟರು.

"ಅಲ್ಲೋ ತಮ್ಮಾ, ಕಪ್ಪತಗುಡ್ಡದಾಗ ಬಂಗಾರದ ಗಣಿ ಇತ್ತಂತ. ನಮ್ಮ ಹಳ್ಳದ ಉಸುಕಿನಾಗೂ ಬಂಗಾರ ಸಿಗತಿತ್ತಂತ. ಹಂಗಿದ್ರ ಮುಚ್ಚಿದ್ಯಾಕ? ಈಗರ ತಗೀಬಾರದೇನು?"

ಮಾವ ಹೇಳಿದ ಎರಡೂ ಮಾತು ನಿಜ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಬಂಗಾರದ ಗಣಿಗಳಿದ್ದವು. ಮಲಪ್ರಭಾ ಕೊಳ್ಳದಲ್ಲಿ, ಅದರಲ್ಲೂ ಬೈಲಹೊಂಗಲ, ಬೆಳವಡಿ ಕಡೆ, ಹಳ್ಳದ ಉಸುಕಿನಲ್ಲಿ ಅಷ್ಟಿಷ್ಟು ಬಂಗಾರ ಸಿಗುತ್ತಿತ್ತು ಅಂತ ಬ್ರಿಟಿಷರ ಕಾಲದ ಬರಹಗಳಲ್ಲಿದೆ. 1850ರ ದಶಕದ ಶುರುವಿನಲ್ಲಿ ಏಟನ್ ಎಂಬ ಸೇನಾಧಿಕಾರಿ ಬೆಳಗಾವಿ ಜಿಲ್ಲೆಯ ಮಲಪ್ರಭಾ ಕೊಳ್ಳದ ಕಲ್ಲು, ಮಣ್ಣಿನ ಬಗ್ಗೆ ಒಂದು ವರದಿ ಬರೆದ. ಅದರ ಹೆಸರಿನಲ್ಲೇ "ಬಂಗಾರದ ಸೀಮೆಯೂ ಸೇರಿದಂತೆ" ಅನ್ನುವ ಅರ್ಥದ ಮಾತಿದೆ. ಅಂದರೆ ಇದು ಸುಮ್ನೆ ಕಟ್ಟಿದ ಕಥೆಯಲ್ಲ.

ಆದರೆ "ಬಂಗಾರ ಇದೆ" ಅನ್ನೋದಕ್ಕೂ "ಗಣಿ ನಡೆಯುತ್ತೆ" ಅನ್ನೋದಕ್ಕೂ ನಡುವೆ ದೊಡ್ಡ ಅಂತರವಿದೆ. ಊಟ ಮುಗಿಯುವುದರೊಳಗೆ ಮಾವನಿಗೆ ಅದನ್ನು ಹೇಳಿ ಮುಗಿಸಲಾಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ

ಒಂದು ತೊಲಿ ಅಂದರೆ 11.66 ಗ್ರಾಂ. ಬಂಗಾರ ನೀರಿಗಿಂತ 19 ಪಟ್ಟು ಭಾರ. ಹಾಗಾಗಿ ಒಂದು ತೊಲಿ ಬಂಗಾರವನ್ನು ಕರಗಿಸಿ ಉಂಡೆ ಮಾಡಿದರೆ ಅದು ಹೆಚ್ಚುಕಡಿಮೆ ಒಂದು ಹುಣಸೆ ಬೀಜದಷ್ಟು ಆಗುತ್ತದೆ, ಅಷ್ಟೇ.

ಈಗ ಕಲ್ಲಿನ ಕಡೆ ಬನ್ನಿ. ಭೂಮಿಯ ಯಾವುದೇ ಸಾಮಾನ್ಯ ಕಲ್ಲಿನಲ್ಲೂ ಬಂಗಾರ ಇದ್ದೇ ಇರುತ್ತದೆ. ನಿಮ್ಮ ಮನೆಯ ಪಾಯದ ಕಲ್ಲಿನಲ್ಲೂ ಇದೆ. ಎಷ್ಟು? ಒಂದು ಟನ್ನಿಗೆ ಸುಮಾರು 4 ಮಿಲಿಗ್ರಾಂ. ಒಂದು ಗ್ರಾಂ ಬೇಕಾದರೆ 250 ಟನ್ ಕಲ್ಲು ಪುಡಿ ಮಾಡಬೇಕು. ಯಾರೂ ಮಾಡಲ್ಲ.

ನೆಲದಡಿ ಗಣಿ ನಡೆಸಬೇಕಾದರೆ ಒಂದು ಟನ್ ಕಲ್ಲಿನಲ್ಲಿ 3 ಗ್ರಾಮೋ 4 ಗ್ರಾಮೋ ಬಂಗಾರ ಇರಬೇಕು. ಹೀಗೆ ಟನ್ನಿಗೆ ಎಷ್ಟು ಗ್ರಾಂ ಅನ್ನೋದನ್ನು ಗಣಿಯವರು "ಗ್ರೇಡ್" ಅಂತಾರೆ. 3 ಗ್ರಾಂ ಗ್ರೇಡಿನ ಕಲ್ಲು ಅಂದುಕೊಳ್ಳಿ. ಆಗ ಒಂದು ತೊಲಿಗೆ ಸುಮಾರು 4 ಟನ್ ಕಲ್ಲು ಬೇಕು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಲ್ಲು ಪೂರ್ತಿ ಹೇರಿ, ಅದರಲ್ಲಿ ಒಂದು ಹುಣಸೆ ಬೀಜ ಹುಡುಕಿದ ಹಾಗೆ. ಅದೂ ಬೀಜ ಇಡಿಯಾಗಿ ಒಂದು ಕಡೆ ಇರಲ್ಲ. ಹಿಟ್ಟಿಗಿಂತ ಸಣ್ಣಗೆ ಪುಡಿಯಾಗಿ ಆ ನಾಲ್ಕೂ ಟನ್ನಿನಲ್ಲಿ ಹರಡಿಕೊಂಡಿರುತ್ತದೆ. ಹೆಚ್ಚಿನ ಅದಿರಿನಲ್ಲಿ ಅದು ಕಣ್ಣಿಗೂ ಕಾಣಲ್ಲ.

ಇಲ್ಲೇ "ಅದಿರು" ಅನ್ನುವ ಪದದ ಅರ್ಥ ಸರಿಯಾಗಿ ಹಿಡಿದುಕೊಳ್ಳಬೇಕು. ಬಂಗಾರ ಇರುವ ಕಲ್ಲೆಲ್ಲ ಅದಿರಲ್ಲ. ತೆಗೆಯುವ ಖರ್ಚಿಗಿಂತ ಸಿಗುವ ಬಂಗಾರದ ಬೆಲೆ ಜಾಸ್ತಿ ಇದ್ದರೆ ಮಾತ್ರ ಅದು ಅದಿರು. ಇಲ್ಲದಿದ್ದರೆ ಬರೀ ಕಲ್ಲು. ಅಂದರೆ ನಿನ್ನೆ ಕಲ್ಲಾಗಿದ್ದದ್ದು ರೇಟು ಏರಿದರೆ ನಾಳೆ ಅದಿರಾಗಬಹುದು. ಅದಿರಾಗಿದ್ದದ್ದು ಖರ್ಚು ಏರಿದರೆ ಮತ್ತೆ ಕಲ್ಲಾಗಬಹುದು. ಕಪ್ಪತಗುಡ್ಡದ ಇಡೀ ಕಥೆ ಈ ಏರಿಳಿತದ ಮೇಲೆ ನಿಂತಿದೆ.

ವಿಜಯಪುರದಲ್ಲಿ ಯಾಕಿಲ್ಲ, ಬೈಲಹೊಂಗಲದಲ್ಲಿ ಯಾಕಿದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳ ನೆಲವನ್ನು ಒಂದು ಹಾಸಿಗೆಯ ಹಾಗೆ ನೋಡಿ. ಕೆಳಗೆ ಜಮಖಾನೆ, ಅದರ ಮೇಲೆ ಕೌದಿ, ಎಲ್ಲಕ್ಕಿಂತ ಮೇಲೆ ಕರಿ ಕಂಬಳಿ.

ಕರಿ ಕಂಬಳಿ ಅಂದರೆ ಬಸಾಲ್ಟ್, ನಮ್ಮ ಕರಿಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಮತ್ತೆ ಮತ್ತೆ ಹರಿದು, ಪದರ ಪದರವಾಗಿ ಗಟ್ಟಿಯಾದದ್ದು. ವಿಜಯಪುರ ಜಿಲ್ಲೆಯ ಹೆಚ್ಚಿನ ಭಾಗ, ಬೆಳಗಾವಿಯ ಉತ್ತರ ಭಾಗ ಇದರ ಕೆಳಗಿದೆ. ಎರಿ ಹೊಲಗಳು ಕರ್ರಗಿರುವುದು ಈ ಕಲ್ಲು ಕರಗಿ ಮಣ್ಣಾದದ್ದರಿಂದ.

ಕೌದಿ ಅಂದರೆ ಕಲಾದಗಿ ಶಿಲೆಗಳು. ಬಾಗಲಕೋಟೆ ಜಿಲ್ಲೆಯ ಕಲಾದಗಿ ಊರಿನ ಹೆಸರೇ ಇವಕ್ಕೆ ಬಿದ್ದಿದೆ. ಇವು ಹಳೆಯ ಕಾಲದ ಸಮುದ್ರ ಮತ್ತು ನದಿಗಳ ಉಸುಕು, ಕೆಸರು, ಸುಣ್ಣ ಗಟ್ಟಿಯಾಗಿ ಆದವು. ಲೋಕಾಪುರ, ಮುಧೋಳ ಕಡೆಯ ಸುಣ್ಣದ ಕಲ್ಲು ಈ ಪೈಕಿ. ಗೋಕಾಕ ಫಾಲ್ಸ್‌ನಲ್ಲಿ ನೀರು ಧುಮುಕುವ ಗಟ್ಟಿ ಕಲ್ಲು, ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಬರುವ ಸವದತ್ತಿಯ ಗುಡ್ಡದ ಕಲ್ಲು, ಇವೂ ಈ ಕೌದಿಯ ತುಂಡುಗಳೇ.

ಎಲ್ಲಕ್ಕಿಂತ ಕೆಳಗಿನ ಜಮಖಾನೆ ಧಾರವಾಡ ಶಿಲೆಗಳು. 250 ಕೋಟಿ ವರ್ಷಕ್ಕಿಂತಲೂ ಹಳೆಯವು. ಭೂಮಿಯ ಮೇಲೆ ಗಿಡ ಇರಲಿಲ್ಲ, ಪ್ರಾಣಿ ಇರಲಿಲ್ಲ, ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕವೂ ಇರಲಿಲ್ಲ, ಅಂಥ ಕಾಲದ ಕಲ್ಲು. ಇವುಗಳಿಗೆ ಧಾರವಾಡದ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ಇವತ್ತು ನಮ್ಮ ಧಾರವಾಡದ ಹೆಸರು ಗೊತ್ತಿರೋದು ಈ ಕಲ್ಲುಗಳಿಂದ. ನನಗಂತೂ ಇದು ಪೇಢೆಗಿಂತ ಹೆಚ್ಚು ಹೆಮ್ಮೆ ಕೊಡುವ ವಿಷಯ.

ಬಂಗಾರ ಇರೋದು ಈ ಜಮಖಾನೆಯಲ್ಲಿ. ಮೇಲಿನ ಕಂಬಳಿ, ಕೌದಿ ಸರಿದು ಜಮಖಾನೆ ಬಯಲಿಗೆ ಬಿದ್ದಿರುವ ಕಡೆ ಮಾತ್ರ ನಮಗೆ ಅದು ಸಿಗುತ್ತದೆ. ಬೆಳಗಾವಿಯ ದಕ್ಷಿಣದ ಬೈಲಹೊಂಗಲ, ಕಿತ್ತೂರು ಕಡೆ ಬಯಲಿಗೆ ಬಿದ್ದಿದೆ. ಗದಗದ ಕಪ್ಪತಗುಡ್ಡ ಇಡೀ ಈ ಕಲ್ಲಿನದೇ. ಕೋಲಾರ, ರಾಯಚೂರಿನ ಹಟ್ಟಿ ಕೂಡ ಇದೇ ಜಾತಿಯ ಹಳೆ ಕಲ್ಲಿನ ಪಟ್ಟಿಗಳು. ವಿಜಯಪುರದಲ್ಲಿ ಬೋರ್‌ವೆಲ್ ಕೊರೆಸಿದಾಗ ಬಂಗಾರ ಸಿಕ್ಕೀತು ಅಂತ ಕಾಯುವುದು ಬೇಡ, ಅಲ್ಲಿ ಕಂಬಳಿಯೇ ಬಹಳ ದಪ್ಪ.

ಕಲ್ಲಿನೊಳಗೆ ಬಂಗಾರ ಹೋಗಿದ್ದು ಹೇಗೆ?

ಇದು ನನಗೆ ತುಂಬಾ ಇಷ್ಟವಾದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬದನೆಕಾಯಿ ಪಲ್ಯ ಮಾಡುವಾಗ ನೀರು ಹಾಕದಿದ್ದರೂ, ಉಪ್ಪು ಹಾಕಿ ಮುಚ್ಚಳ ಮುಚ್ಚಿದರೆ ಕಾಯಿಯೇ ನೀರು ಬಿಡುತ್ತದಲ್ಲ? ಕಲ್ಲೂ ಹಾಗೆಯೇ. ಸಮುದ್ರದ ತಳದ ಲಾವಾ, ಕೆಸರು ಎಲ್ಲ ನೆಲದಡಿ ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಹೂತುಹೋದಾಗ, ಎರಡು ಭೂಖಂಡಗಳ ನಡುವೆ ಸಿಕ್ಕಿ ಹಿಂಡಿದಾಗ, ಬಿಸಿ ಏರಿ ಖನಿಜಗಳ ಒಳಗೆ ಕಟ್ಟಿಕೊಂಡಿದ್ದ ನೀರು ಹೊರಗೆ ಬರುತ್ತದೆ. ಆ ನೀರು ನಾವು ಕುಡಿಯುವಂಥದ್ದಲ್ಲ. 250ರಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರಲ್ಲಿ ಗಂಧಕ ಕರಗಿರುತ್ತದೆ, ಇಂಗಾಲದ ಡೈಆಕ್ಸೈಡ್ ಇರುತ್ತದೆ.

ಬಂಗಾರ ಸಾಮಾನ್ಯ ನೀರಿನಲ್ಲಿ ಕರಗಲ್ಲ. ಬೆರಳಿನ ಉಂಗುರ ಹತ್ತು ವರ್ಷ ಪಾತ್ರೆ ತೊಳೆದರೂ ಹಾಗೇ ಇರುತ್ತದೆ. ಆದರೆ ಈ ಗಂಧಕ ಕೂಡಿದ ಬಿಸಿ ನೀರಿನಲ್ಲಿ, ಗಂಧಕದ ಕೈಹಿಡಿದು, ಒಂದಿಷ್ಟು ಕರಗುತ್ತದೆ. ಅಲ್ಲಿ ಚೂರು ಇಲ್ಲಿ ಚೂರು ಅಂತ ಹರಡಿದ್ದ ಬಂಗಾರವನ್ನು ಬಳಿದುಕೊಂಡು ಆ ನೀರು ಬಿರುಕುಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ.

ಹೋಗುವ ದಾರಿಯಲ್ಲಿ ಎರಡು ಸಂಗತಿ ನಡೆಯಬಹುದು. ಒಂದು, ಆ ನೀರಿಗೆ ಕಬ್ಬಿಣ ಜಾಸ್ತಿ ಇರುವ ಕಲ್ಲು ಎದುರಾಗುತ್ತದೆ. ಗಂಧಕಕ್ಕೆ ಕಬ್ಬಿಣ ಕಂಡರೆ ಬಂಗಾರ ಬೇಡ. ಅದು ಬಂಗಾರದ ಕೈಬಿಟ್ಟು ಕಬ್ಬಿಣದ ಜೊತೆ ಸೇರಿ ಪೈರೈಟ್ ಎಂಬ ಹಳದಿ ಖನಿಜವಾಗುತ್ತದೆ. ಕೈತಪ್ಪಿದ ಬಂಗಾರ ಅಲ್ಲೇ ಉದುರಿ ಕೂರುತ್ತದೆ. ಇನ್ನೊಂದು, ಭೂಕಂಪದಲ್ಲಿ ಬಿರುಕು ಫಟ್ಟನೆ ಬಾಯಿ ತೆರೆಯುತ್ತದೆ, ಒತ್ತಡ ಒಮ್ಮೆಲೇ ಬೀಳುತ್ತದೆ. ಗೋಲಿ ಸೋಡಾ ಒಡೆದಾಗ ಬುಸ್ ಅಂತ ಗಾಳಿ ಹೋಗುವ ಹಾಗೆ. ಒತ್ತಡ ಬಿದ್ದ ಕೂಡಲೇ ನೀರಿನಲ್ಲಿ ಕರಗಿದ್ದ ಸಿಲಿಕಾ ಗಟ್ಟಿಯಾಗಿ ಬಿಳಿ ಬೆಣಚುಕಲ್ಲಾಗುತ್ತದೆ, ಜೊತೆಗೆ ಬಂಗಾರವೂ ಇಳಿಯುತ್ತದೆ. ಬಿರುಕು ಮುಚ್ಚಿಕೊಳ್ಳುತ್ತದೆ. ಕೆಳಗೆ ಮತ್ತೆ ಒತ್ತಡ ಏರುತ್ತದೆ. ಮತ್ತೆ ಒಡೆಯುತ್ತದೆ. ಹೀಗೆ ಸಾವಿರಾರು ಸಲ.

ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ನಮ್ಮ ಗಾಣದ ಮನೆಯಲ್ಲಿ ಹತ್ತು ಕಿಲೋ ಕಬ್ಬಿಗೆ ಒಂದು ಕಿಲೋ ಬೆಲ್ಲ ಬಂದರೆ ಸಂತೋಷ. ಅಂದರೆ ಹತ್ತು ಪಟ್ಟು ಗಟ್ಟಿ ಮಾಡುತ್ತೇವೆ. ಭೂಮಿ ಇಲ್ಲಿ ಬಂಗಾರವನ್ನು 700, 800 ಪಟ್ಟು ಗಟ್ಟಿ ಮಾಡಿದೆ. ಅದೂ ಸುಮಾರು 250 ಕೋಟಿ ವರ್ಷದ ಹಿಂದೆ. ಆಮೇಲೆ ಮೇಲಿನ ಕಿಲೋಮೀಟರ್‌ಗಟ್ಟಲೆ ಕಲ್ಲು ಮಳೆ, ಗಾಳಿಗೆ ಸವೆದು ಹೋಗಿ, ಆ ಆಳದ ಭಾಗ ಇವತ್ತು ಗುಡ್ಡದ ಮೈಯಾಗಿ ನಮ್ಮ ಕಾಲಡಿ ಬಂದಿದೆ.

ಬಿಳಿ ಕಲ್ಲು ಕಂಡಲ್ಲೆಲ್ಲ ಬಂಗಾರ ಇರಲ್ಲ

ಬಂಗಾರ ಇರುವ ಬೆಣಚುಕಲ್ಲಿನ ಪಟ್ಟಿಗೆ ಗಣಿಯವರು "ರೀಫ್" ಅಂತಾರೆ. ಹಾಗಂತ ಹೊಲದ ಬದುವಿನಲ್ಲಿ ಬಿಳಿ ಕಲ್ಲು ಕಂಡ ತಕ್ಷಣ ಖುಷಿಪಡಬೇಡಿ. ಹೆಚ್ಚಿನ ಬೆಣಚುಕಲ್ಲು ಬರೀ ಬೆಣಚುಕಲ್ಲೇ.

ಹೋದ ಚಳಿಗಾಲ ತಂಗಿಯ ಗಂಡನ ಜೊತೆ ಧಾರವಾಡ, ಗದಗ, ಡಂಬಳದ ಮೇಲೆ ಹಾಯ್ದು ಕಪ್ಪತಗುಡ್ಡದ ಬುಡಕ್ಕೆ ಹೋಗಿದ್ದೆ. ದಾರಿ ಮೂರು ತಾಸಿಗೂ ಮೇಲಾಯಿತು. ಅಲ್ಲಿ ರಸ್ತೆ ಪಕ್ಕ ಮುಷ್ಟಿಯಷ್ಟು ಒಂದು ಬೆಣಚುಕಲ್ಲು ಎತ್ತಿಕೊಂಡೆ. ಒಂದು ಮೈ ಹಾಲಿನಂತೆ ಬೆಳ್ಳಗೆ, ಇನ್ನೊಂದು ಮೈ ತುಕ್ಕು ಹಿಡಿದ ಕುಡುಗೋಲಿನ ಬಣ್ಣ. ತುಕ್ಕಿನ ಕಡೆ ಸಣ್ಣ ಸಣ್ಣ ಚೌಕ ತೂತುಗಳು. ಯಾರೋ ಉಳಿ ಹಿಡಿದು ಕೊರೆದಷ್ಟು ನೇರ ಅಂಚು. ಒಂದು ತೂತಿನಲ್ಲಿ ಉಗುರು ಹಾಕಿದರೆ ಕೆಂಪು ಪುಡಿ ಬಂತು. ಒಂದು ಕಾಲದಲ್ಲಿ ಆ ತೂತುಗಳಲ್ಲಿ ಪೈರೈಟಿನ ಚೌಕ ಹರಳುಗಳು ಕೂತಿದ್ದವು. ಮಳೆ ನೀರಿಗೆ ಅವು ತುಕ್ಕಾಗಿ ಕರಗಿ ಹೋದವು, ಕೂತ ಜಾಗ ಮಾತ್ರ ಉಳಿಯಿತು. ಹಳೆ ಕಾಲದ ಬಂಗಾರ ಹುಡುಕುವವರು ಬರೀ ಬಿಳಿ ಕಲ್ಲನ್ನು ನೋಡುತ್ತಿರಲಿಲ್ಲ, ಇಂಥ ತುಕ್ಕು ಹಿಡಿದ ತೂತುಗಲ್ಲನ್ನು ಹುಡುಕುತ್ತಿದ್ದರು. ಪೈರೈಟ್ ಕರಗಿ ಹೋದರೂ ಅದರೊಳಗಿದ್ದ ಬಂಗಾರ ಕರಗದೆ ಆ ತುಕ್ಕಿನಲ್ಲೇ ಉಳಿಯುತ್ತದೆ. ನನ್ನ ಕಲ್ಲಿನಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಅಭಯಾರಣ್ಯದ ಕಲ್ಲು, ನೋಡಿ ಅಲ್ಲೇ ಇಟ್ಟು ಬಂದೆ.

ಜಾಲಗಾರರು

ಅಕ್ಕಿಯಲ್ಲಿ ಹರಳಿದ್ದರೆ ನಮ್ಮ ಅಜ್ಜಿಯರು ನೀರು ಹಾಕಿ ಜಾಲಿಸುತ್ತಿದ್ದರು. ಪಾತ್ರೆ ಆಡಿಸುತ್ತಾ ಆಡಿಸುತ್ತಾ ಅಕ್ಕಿ ಬಗ್ಗಿಸಿದರೆ ಭಾರವಾದ ಹರಳು ತಳದಲ್ಲಿ ಉಳಿಯುತ್ತದೆ. ಹಳ್ಳದ ಉಸುಕನ್ನು ಹೀಗೇ ಜಾಲಿಸಿ ಬಂಗಾರ ತೆಗೆಯುತ್ತಿದ್ದವರಿಗೆ ಜಾಲಗಾರರು ಅಂತ ಹೆಸರು. ಕೆಲಸವೂ ಅದೇ, ಮಾತೂ ಅದೇ. ಅಜ್ಜಿಗೆ ಅಕ್ಕಿ ಬೇಕಿತ್ತು, ಇವರಿಗೆ ತಳದ ಹರಳು ಬೇಕಿತ್ತು.

ಗುಡ್ಡ ಸವೆದಂತೆ ಕಲ್ಲಿನೊಳಗಿನ ಬಂಗಾರದ ಕಣ ಬಿಡಿಯಾಗಿ ಹಳ್ಳಕ್ಕೆ ಬರುತ್ತದೆ. ಉಸುಕು ನೀರಿಗಿಂತ ಎರಡೂವರೆ ಪಟ್ಟು ಭಾರ, ಬಂಗಾರ 19 ಪಟ್ಟು. ಹಾಗಾಗಿ ನೀರಿನ ಓಟ ತಗ್ಗಿದ ಕಡೆ, ಹಳ್ಳ ತಿರುಗುವ ಒಳಮೂಲೆಯಲ್ಲಿ, ಬಂಡೆಯ ಸಂದಿಯಲ್ಲಿ ಮೊದಲು ಕೂರುವುದು ಅದೇ. ಮಳೆಗಾಲದ ಪ್ರವಾಹ ಇಳಿದ ಮೇಲೆ ಜಾಲಗಾರರು ಅಂಥ ಜಾಗಗಳಿಗೆ ಹೋಗುತ್ತಿದ್ದರು. ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ, ಅಂದರೆ ಕಪ್ಪತಗುಡ್ಡದ ಸಾಲಿನ, ಬಂಗಾರದ ಕಲ್ಲುಗಳ ಬಗ್ಗೆ ಬರೆದಾಗ ಈ ಜಾಲಗಾರರ ಕೆಲಸವನ್ನು ನೋಡಿಯೇ ಬರೆದದ್ದು. ಸೊರಟೂರು ಕಡೆಯ ಹಳ್ಳದ ಉಸುಕು ಆಗಲೇ ಹೆಸರಾಗಿತ್ತು. ಎಲ್ಲಿ ಬಂಗಾರ ಸಿಗುತ್ತದೆ, ಎಲ್ಲಿ ಸಿಗಲ್ಲ ಅನ್ನುವ ತಿಳುವಳಿಕೆ ಸಾಹೇಬರಿಗಿಂತ ಎಷ್ಟೋ ಮುಂಚೆ ಇವರ ಕೈಯಲ್ಲಿತ್ತು. ಅವರ ಹೆಸರುಗಳು ಮಾತ್ರ ಯಾವ ನಕಾಶೆಯಲ್ಲೂ ಬರಲಿಲ್ಲ.

ಬೆಳವಡಿಯಲ್ಲಿ ಮಾವನ ಮೊಮ್ಮಗನಿಗೆ ಇದನ್ನು ಹೇಳಿದ್ದೇ ತಡ, ಪರಾತ ಹಿಡಿದು ಹಳ್ಳಕ್ಕೆ ಎಳೆದುಕೊಂಡು ಹೋದ. ಎರಡು ಬೊಗಸೆ ಉಸುಕು ಹಾಕಿ ಜಾಲಿಸಿದೆವು. ಮೊದಲು ಕೆಸರು ಹೋಯಿತು, ಆಮೇಲೆ ಬಿಳಿ ಉಸುಕು ಹೋಯಿತು. ಕೊನೆಗೆ ತಳದಲ್ಲಿ ಕರೀ ಗೆರೆಯೊಂದು ಉಳಿಯಿತು, ಕಾಡಿಗೆ ತೀಡಿದ ಹಾಗೆ. ಹಳೆ ಸ್ಪೀಕರಿನ ಅಯಸ್ಕಾಂತ ಹತ್ತಿರ ತಂದರೆ ಆ ಕರಿ ಉಸುಕು ಮೀಸೆಯಂತೆ ಎದ್ದು ನಿಂತಿತು. ಅದು ಮ್ಯಾಗ್ನೆಟೈಟ್, ಕಬ್ಬಿಣದ ಖನಿಜ. ಬಂಗಾರ ಇದ್ದರೆ ಈ ಕರಿ ಉಸುಕಿನ ಜೊತೆಗೇ ಇರುತ್ತದೆ.

"ಕಾಕಾ, ಇಲ್ನೋಡ್ರಿ, ಬಂಗಾರ!" ಅಂದ ಹುಡುಗ. ಬೆರಳ ತುದಿಯಲ್ಲಿ ಹೊಳೆಯುವ ಒಂದು ರೇಕು. ಊದಿದೆ, ಹಾರಿ ಹೋಯಿತು. ಅದು ಕಾಗೆ ಬಂಗಾರ, ಅಂದರೆ ಅಭ್ರಕ. ನಿಜವಾದ ಬಂಗಾರ ಅಷ್ಟು ಹಗುರಾಗಿ ಹಾರುವುದಿಲ್ಲ. ಪೈರೈಟ್ ಆದರೆ ಇನ್ನೊಂದು ಪರೀಕ್ಷೆ ಇದೆ: ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಪೈರೈಟ್ ಪುಡಿಯಾಗುತ್ತದೆ. ಬಂಗಾರ ಚಪ್ಪಟೆಯಾಗುತ್ತದೆ. ಪತ್ತಾರರು ಒರೆಗಲ್ಲಿಗೆ ತಿಕ್ಕುವುದೂ ಇದೇ ಮೆತ್ತಗಿನ ಗುಣವನ್ನು ನಂಬಿಯೇ, ಬಂಗಾರ ಹಳದಿ ಗೆರೆ ಬಿಡುತ್ತದೆ. ಪೈರೈಟಿನ ಗೆರೆ ಹಸಿರು ಮಿಶ್ರಿತ ಕಪ್ಪು.

ಹಳಬರು ಕೆನೆ ತೆಗೆದುಕೊಂಡರು

ಹಳ್ಳದಲ್ಲಿ ಬಂಗಾರ ಸಿಕ್ಕವರು ಹಳ್ಳದ ಹಾದಿ ಹಿಡಿದು ಗುಡ್ಡ ಹತ್ತದೆ ಇರುತ್ತಾರಾ? ಕಪ್ಪತಗುಡ್ಡದ ರೀಫುಗಳ ಉದ್ದಕ್ಕೂ ಕಂಪನಿಗಳು ಬರುವುದಕ್ಕೆ ಬಹಳ ಮುಂಚಿನ ಗುಂಡಿಗಳಿವೆ. ಆ ಕಾಲದಲ್ಲಿ ಸಿಡಿಮದ್ದು ಇರಲಿಲ್ಲ. ಕಲ್ಲಿಗೆ ಒತ್ತಿ ಕಟ್ಟಿಗೆ ಪೇರಿಸಿ ಬೆಂಕಿ ಹಾಕುತ್ತಿದ್ದರು. ಕಾದ ಕಲ್ಲಿಗೆ ತಣ್ಣೀರು ಎರಚಿದರೆ ಬಿರಿಯುತ್ತಿತ್ತು. ಬಿರಿದ ಕಲ್ಲನ್ನು ಒರಳಿನಂಥ ಕುಳಿಗಳಲ್ಲಿ ಗುಂಡುಗಲ್ಲಿನಿಂದ ಅರೆದು, ಜಾಲಿಸಿ, ಬಂಗಾರ ತೆಗೆಯುತ್ತಿದ್ದರು. ರಾಯಚೂರಿನ ಹಟ್ಟಿಯಲ್ಲಿ ಹೀಗೆ 600 ಅಡಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಕಟ್ಟಿಗೆಯನ್ನು ಇಂಗಾಲದ ವಿಧಾನದಲ್ಲಿ ಪರೀಕ್ಷಿಸಿದರೆ ಸುಮಾರು 2,000 ವರ್ಷ ಹಳೆಯದು ಅಂತ ಬಂತು. ಬೆಂಕಿ ಹಾಕಿ, ಹೊಗೆ ಕುಡಿದು, 600 ಅಡಿ ಕೆಳಗೆ! ಇನ್ನೊಂದು ಮಾತು, ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದು ಬೀಡನ್ ಎಂಬ ಬಂಗಾರ ಗಣಿಯ ಎಂಜಿನಿಯರ್‌ನ ಕಣ್ಣಿಗೆ. ಹುಡುಕಿದ್ದು ರೀಫ್, ಸಿಕ್ಕಿದ್ದು ಸಾಮ್ರಾಟ.

ಹಳಬರಿಗೆ ಒಂದು ಅನುಕೂಲವಿತ್ತು. ನೆಲದ ಮೇಲ್ಭಾಗದಲ್ಲಿ ಪೈರೈಟ್ ತುಕ್ಕಾಗಿ, ಬಂಗಾರ ಬಿಡಿಯಾಗಿ ಸಿಗುತ್ತದೆ. ಅರೆದು ಜಾಲಿಸಿದರೆ ಸಾಕು. ಇದು ಹಾಲಿನ ಮೇಲಿನ ಕೆನೆ ಇದ್ದ ಹಾಗೆ. ನೀರಿನ ಮಟ್ಟ ಬಂದ ಮೇಲೆ ಪೈರೈಟ್ ತುಕ್ಕಾಗದೆ ಇಡಿಯಾಗಿರುತ್ತದೆ, ಬಂಗಾರ ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ. ಮೇಲಾಗಿ ಗುಂಡಿಗೆ ನೀರು ಬರುತ್ತದೆ. ಅವರು ಹೆಚ್ಚಾಗಿ ನಿಂತದ್ದು ಅಲ್ಲೇ.

ಕಂಪನಿಗಳು ಬಂದವು, ಹೋದವು

1880ರ ದಶಕದಲ್ಲಿ ಕೋಲಾರದ ಗಣಿ ಕೈಹಿಡಿಯಿತು. ಅದನ್ನು ನೋಡಿ ದಕ್ಷಿಣ ಭಾರತದ ಹಳೆ ಗುಂಡಿಗಳ ಮೇಲೆಲ್ಲ ಕಂಪನಿಗಳ ಕಣ್ಣು ಬಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಕಪ್ಪತಗುಡ್ಡದ ಸೀಮೆಗೂ ಬಂದರು. ಕಬುಲಾಯತಕಟ್ಟಿ, ಹೊಸೂರು, ಸಾಂಗ್ಲಿ ಗಣಿ ಅನ್ನುವ ಹೆಸರುಗಳು ಆ ಕಾಲದವು. ಗದಗದಲ್ಲಿ ಸಾಂಗ್ಲಿ ಎಲ್ಲಿಂದ ಬಂತು ಅಂದರೆ, ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು.

ಅವರ ಕೆಲಸದ ರೀತಿ ಹೀಗೆ. ಮೊದಲು ನೆಟ್ಟಗೆ ಬಾವಿ ತೋಡುತ್ತಾರೆ, ಅದೇ ಶಾಫ್ಟ್. ಅಲ್ಲಿಂದ ರೀಫಿನ ಉದ್ದಕ್ಕೆ ಅಡ್ಡ ಸುರಂಗ. ಅದಿರು ಮೇಲೆ ತಂದು ಯಂತ್ರದ ಒನಕೆಗಳಿಂದ ಕುಟ್ಟುತ್ತಾರೆ. ಕುಟ್ಟಿದ ಹಿಟ್ಟನ್ನು ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಬಂಗಾರ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಉಳಿದ ಹಿಟ್ಟಿಗೆ ಸೈನೈಡ್ ನೀರು ಹಾಕಿ ಇನ್ನಷ್ಟು ಕರಗಿಸಿಕೊಳ್ಳುತ್ತಾರೆ.

ಮೊದಲ ಮಹಾಯುದ್ಧ ಶುರುವಾಗುವುದಕ್ಕೂ ಮುಂಚೆಯೇ ಗಣಿಗಳು ನಿಂತುಹೋದವು. ಕಾರಣ ಒಂದಲ್ಲ.

ಕೆನೆ ಆಗಲೇ ಖಾಲಿಯಾಗಿತ್ತು, ಅದನ್ನು ಹೇಳಿದೆ. ಕೆಳಗಿನ ಅದಿರಿನಲ್ಲಿ ಪೈರೈಟ್ ಜೊತೆ ಆರ್ಸೆನೋಪೈರೈಟ್ ಇದೆ. ಹೆಸರೇ ಹೇಳುವಂತೆ ಅದರಲ್ಲಿ ಆರ್ಸೆನಿಕ್ ಇದೆ, ಅಂದರೆ ಪಾಷಾಣ. ಇದರೊಳಗೆ ಅವಿತ ಬಂಗಾರವನ್ನು ಪಾದರಸ ಹಿಡಿಯಲ್ಲ, ಸೈನೈಡ್ ಸುಲಭಕ್ಕೆ ತಲುಪಲ್ಲ. ಅದಿರಿನಲ್ಲಿ ಬಂಗಾರ ಇದೆ ಅಂತ ಗೊತ್ತು, ಕೈಗೆ ಬರಲ್ಲ.

ರೀಫ್ ಕೂಡ ಒಂದೇ ದಪ್ಪ ಇರಲ್ಲ. ಇಲಿ ನುಂಗಿದ ಹಾವಿನ ಹಾಗೆ ಒಂದು ಕಡೆ ಉಬ್ಬಿ, ಮುಂದೆ ಬೆರಳಷ್ಟು ಸಣ್ಣಗಾಗುತ್ತದೆ. ಉಬ್ಬಿದ ಕಡೆ ಒಳ್ಳೆಯ ಬಂಗಾರ. ಸಣ್ಣಗಾದ ಕಡೆ ಆಳು ನಿಂತು ಕೆಲಸ ಮಾಡುವಷ್ಟು ಜಾಗಕ್ಕೆ ಪಕ್ಕದ ಬರೀ ಕಲ್ಲನ್ನೂ ಒಡೆಯಬೇಕು, ಅದನ್ನೂ ಮೇಲೆ ಎತ್ತಬೇಕು. ಅಲ್ಲಿಗೆ ಗ್ರೇಡ್ ಅರ್ಧಕ್ಕೆ ಇಳಿಯುತ್ತದೆ.

ಇನ್ನು ನೀರು. ಹಗಲು ರಾತ್ರಿ ಪಂಪ್ ನಡೆಯಬೇಕು. ಕೋಲಾರಕ್ಕೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಅಷ್ಟು ದೂರದಿಂದ ತಂತಿ ಎಳೆಯುವ ಖರ್ಚನ್ನು ಅಷ್ಟು ದೊಡ್ಡ ಗಣಿ ತಡೆದುಕೊಳ್ಳುತ್ತದೆ. ಸಣ್ಣ ಗಣಿಗೆ ಅದು ದಕ್ಕುವ ಮಾತಲ್ಲ.

ಈಗಿನವರಿಗೆ ನಂಬೋಕೆ ಕಷ್ಟವಾಗುವ ಕಾರಣ ಕೊನೆಯದು. ಆಗ ಬಂಗಾರದ ಬೆಲೆ ಏರುತ್ತಿರಲಿಲ್ಲ! ಬ್ರಿಟನ್ ತನ್ನ ಹಣವನ್ನೇ ಬಂಗಾರಕ್ಕೆ ಕಟ್ಟಿಹಾಕಿತ್ತು. ಒಂದು ಔನ್ಸಿಗೆ, ಅಂದರೆ 31.1 ಗ್ರಾಮಿಗೆ, ಸುಮಾರು 4 ಪೌಂಡ್ 5 ಶಿಲಿಂಗ್, ಅಷ್ಟೇ, ವರ್ಷಗಟ್ಟಲೆ. ಒಂದು ಪೌಂಡಿಗೆ 15 ರೂಪಾಯಿ ಅಂತ ಅದೂ ನಿಗದಿ. ಲೆಕ್ಕ ಹಾಕಿದರೆ ತೊಲಿಗೆ ಸುಮಾರು 24 ರೂಪಾಯಿ. ಕೂಲಿ ಏರಲಿ, ಕಟ್ಟಿಗೆ ತುಟ್ಟಿಯಾಗಲಿ, ಪಂಪ್ ಕೆಡಲಿ, 24 ರೂಪಾಯಿ ಅಂದರೆ 24 ರೂಪಾಯಿ. ಹುಣಸೆ ಬೀಜ ಹೊತ್ತ ಆ ನಾಲ್ಕು ಟನ್ ಕಲ್ಲನ್ನು ಒಡೆದು, ಎತ್ತಿ, ಕುಟ್ಟಿ, ತೊಳೆಯುವ ಖರ್ಚು 24 ರೂಪಾಯಿ ದಾಟಿದ ದಿನ ಅದಿರು ಕಲ್ಲಾಯಿತು. ಬಂಗಾರ ಅಲ್ಲೇ ಇತ್ತು. ಗಣಿ ಹೋಯಿತು.

ಹಾಗಾದರೆ ಈಗ?

ಮಾವನ ಪ್ರಶ್ನೆಯ ಎರಡನೇ ಅರ್ಧ ಇದು, ನ್ಯಾಯವಾದ ಪ್ರಶ್ನೆಯೇ. ಗ್ರಾಮಿಗೆ 10 ಸಾವಿರ ಅಂದರೂ 3 ಗ್ರಾಂ ಗ್ರೇಡಿನ ಒಂದು ಟನ್ನಿನಲ್ಲಿ 30 ಸಾವಿರ ರೂಪಾಯಿ ಬಂಗಾರವಿದೆ. ಆರ್ಸೆನಿಕ್ ಇರುವ ಅದಿರಿನಿಂದಲೂ ಬಂಗಾರ ಬಿಡಿಸುವ ವಿಧಾನಗಳು ಈಗ ಇವೆ. ಅಂದರೆ ಅಂದಿನ ಕಲ್ಲು ಇವತ್ತಿನ ಲೆಕ್ಕದಲ್ಲಿ ಮತ್ತೆ ಅದಿರಾಗುವ ದಾರಿಯಲ್ಲಿದೆ. ಕಂಪನಿಗಳು ಈ ಗುಡ್ಡದ ಮೇಲೆ ಮತ್ತೆ ಮತ್ತೆ ಆಸೆಪಡುವುದಕ್ಕೆ ಇದೇ ಕಾರಣ.

ಆದರೆ ಗ್ರೇಡ್ ಒಂದೇ ಸಾಲದು. ಅಂಥ ಅದಿರು ಎಷ್ಟು ಟನ್ ಇದೆ, ಎಷ್ಟು ಆಳದವರೆಗೆ ಇದೆ, ನಡುವೆ ಎಲ್ಲಿ ಸಣ್ಣಗಾಗುತ್ತದೆ ಅಂತ ಗೊತ್ತಾಗಬೇಕು. ಅದಕ್ಕೆ ನೂರಾರು ಕಡೆ ಕೊರೆದು, ಕಬ್ಬಿನ ಗಣಿಕೆಯಂತೆ ಉದ್ದುದ್ದ ಕಲ್ಲಿನ ತುಂಡುಗಳನ್ನು ಹೊರತೆಗೆದು, ಪ್ರತಿ ತುಂಡನ್ನೂ ಪರೀಕ್ಷಿಸಬೇಕು. ಗುತ್ತಿಗೆಯನ್ನು ಸರ್ಕಾರ ಹರಾಜಿನಲ್ಲಿ ಕೊಡುತ್ತದೆ, 2015ರಿಂದ ಕಾನೂನು ಹಾಗಿದೆ. ನಿಮ್ಮದೇ ಹೊಲದಲ್ಲಿ ಬಂಗಾರದ ರೀಫ್ ಇದ್ದರೂ ಗುತ್ತಿಗೆ ಇಲ್ಲದೆ ತೆಗೆಯುವಂತಿಲ್ಲ. (ಹೂತಿಟ್ಟ ಕೊಪ್ಪರಿಗೆ ಸಿಕ್ಕರೆ ಅದು ನಿಧಿ, ಅದರ ಕಾಯ್ದೆಯೇ ಬೇರೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ.)

ಕಪ್ಪತಗುಡ್ಡಕ್ಕೆ ಇನ್ನೊಂದು ಮಾತೂ ಇದೆ. ಅದು ಔಷಧಿ ಗಿಡಗಳ ಗುಡ್ಡ, ಸುತ್ತಲಿನ ಒಣ ಸೀಮೆಗೆ ನೀರು ಹಿಡಿದುಕೊಡುವ ಗುಡ್ಡ. ಗಣಿ ಬೇಡ ಅಂತ ಅಲ್ಲಿನ ಜನ, ಮಠಗಳು ಬೀದಿಗಿಳಿದಿದ್ದರು. 2019ರಲ್ಲಿ ಸರ್ಕಾರ 244 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿಧಾಮ ಅಂತ ಘೋಷಿಸಿತು. ಅದರ ಗಡಿಯೊಳಗೆ ಗಣಿಗೆ ಅವಕಾಶವಿಲ್ಲ. ಆರ್ಸೆನಿಕ್ ಇರುವ ಕಲ್ಲನ್ನು ಪುಡಿ ಮಾಡಿ ಗಾಳಿ, ಮಳೆಗೆ ಬಿಟ್ಟರೆ ಅದು ನೀರಿಗೆ ಇಳಿಯುತ್ತದೆ ಅನ್ನೋದು ಭಯವಲ್ಲ, ರಸಾಯನ ಶಾಸ್ತ್ರ.

ನಮ್ಮ ಬೈಲಹೊಂಗಲದ ಹಳ್ಳಗಳ ವಿಷಯ ಬಂದರೆ, ಅಲ್ಲಿದ್ದದ್ದು ಜಾಲಗಾರನ ಒಂದು ದಿನದ ಕೂಲಿ ಹುಟ್ಟಿಸುವಷ್ಟು ಬಂಗಾರ. ಗಣಿ ನಡೆಸುವಷ್ಟಲ್ಲ. ಇವತ್ತು ದೇಶದಲ್ಲಿ ನೆಲದಿಂದ ಬರುವ ಬಂಗಾರದ ಹೆಚ್ಚಿನ ಪಾಲು ಹಟ್ಟಿಯದು, ಅದೂ ವರ್ಷಕ್ಕೆ ಸುಮಾರು ಒಂದೂವರೆ ಟನ್. ನಾವು ಹೊರದೇಶದಿಂದ ತರಿಸುವುದು 700 ಟನ್ನಿನ ಆಸುಪಾಸು. ಕಪ್ಪತಗುಡ್ಡ ತೆರೆದರೆ ರೇಟು ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಎರಡು ಅಂಕಿ ಅವರ ಮುಂದಿಡಿ.

ಹಳೆ ಶಾಫ್ಟ್ ನೋಡಲು ಹೋಗುವವರಿಗೆ

ಹೋಗಬೇಡಿ ಅಂತಲೇ ಹೇಳುತ್ತೇನೆ. ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನೋದು ಒಂದು. ನೂರು ವರ್ಷ ಮಳೆ ಕುಡಿದ ಬಾವಿಯ ಅಂಚು ಮೇಲೆ ಹುಲ್ಲು ಬೆಳೆದು ಗಟ್ಟಿ ನೆಲದಂತೆ ಕಾಣುತ್ತದೆ, ಕೆಳಗೆ ಟೊಳ್ಳಾಗಿರುತ್ತದೆ. ಒಳಗೆ ಗಾಳಿ ಆಡಲ್ಲ. ಪೈರೈಟ್ ತುಕ್ಕು ಹಿಡಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನೇ ತಿನ್ನುತ್ತದೆ, ಕೆಟ್ಟ ಗಾಳಿ ತಳದಲ್ಲಿ ಕೂರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಳೆ ಬಾವಿಗೆ ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಅಂತ ನಮ್ಮ ಊರುಗಳಲ್ಲಿ ಕೇಳುತ್ತೇವಲ್ಲ, ಇದು ಅದೇ ಗಾಳಿ. ನಾನೂ ತಂಗಿಯ ಗಂಡನೂ ಗುಡ್ಡದ ಬುಡದಲ್ಲೇ ನಿಂತು ನೋಡಿ ಬಂದೆವು.

ಬೆಳವಡಿಯ ಹುಡುಗ ಮಾತ್ರ ಮಾರನೇ ದಿನ ಮತ್ತೆ ಹಳ್ಳಕ್ಕೆ ಹೋಗಿದ್ದನಂತೆ. ಕರಿ ಉಸುಕನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿ, ಮೇಲೆ ನಾಲ್ಕು ರೇಕು ಕಾಗೆ ಬಂಗಾರ ಇಟ್ಟು, ಶಾಲೆಗೆ ಒಯ್ದಿದ್ದಾನೆ.